ಸ್ಟಾಕ್‌ಹೋಮ್‌ನ ಸಿಟಿ ಹಾಲ್ ಹೊರಗಿನಿಂದ ನೋಡಿದರೆ ಸಾಕಾ, ಒಳಗೂ ಹೋಗಬೇಕಾ?

ಜೂನ್‌ನಲ್ಲಿ ಅಪ್ಪ ಅಮ್ಮನ ಜೊತೆ ಎರಡು ದಿನಕ್ಕೆ ಸ್ಟಾಕ್‌ಹೋಮ್‌ಗೆ ಬರ್ತಿದ್ದೀರಿ. ಸಿಟಿ ಹಾಲ್ ಅಂದ್ರೆ ಸರ್ಕಾರಿ ಆಫೀಸು ತಾನೇ, ಟಿಕೆಟ್ ತಗೊಂಡು ಒಳಗೆ ಹೋಗಿ ನೋಡುವಂಥದ್ದು ಏನಿದೆ ಅಂತ ಕೇಳಿದ್ದೀರಿ. ನಾನು ಇದೇ ಊರಿನಲ್ಲಿರುವವನು. ನಮ್ಮ ಬೆಂಗಳೂರಿನಿಂದ ಯಾರೇ ಬಂದರೂ ಮೊದಲು ಕರೆದುಕೊಂಡು ಹೋಗುವುದು ಅಲ್ಲಿಗೇ. ಎರಡೇ ದಿನ ಇದ್ದರೂ ಇದನ್ನು ಬಿಡಬೇಡಿ, ಖಂಡಿತ ಒಳಗೆ ಹೋಗಿ.

ಹೌದು, ಇದು ಆಫೀಸೇ. ನಗರದ ಆಡಳಿತ ಇವತ್ತಿಗೂ ಇಲ್ಲಿಂದಲೇ ನಡೆಯುತ್ತದೆ. ನನಗೆ ಇದು ಇಷ್ಟವಾಗುವುದೂ ಅದಕ್ಕೇ. ರಾಜನಿಗೆ ಕಟ್ಟಿದ ಅರಮನೆಗಳನ್ನು ಯುರೋಪಿನಲ್ಲಿ ಎಲ್ಲಿ ಬೇಕಾದರೂ ನೋಡಬಹುದು. ಊರಿನ ಜನ ತಮ್ಮ ಕೌನ್ಸಿಲ್ ಕೂರುವ ಜಾಗಕ್ಕೆ ಇಷ್ಟು ಮುತುವರ್ಜಿ ವಹಿಸಿದ್ದು ಅಪರೂಪ. 1911ರಲ್ಲಿ ಕೆಲಸ ಶುರುವಾಗಿ, 1923ರ ಜೂನ್ 23ರಂದು ಉದ್ಘಾಟನೆ ಆಯಿತು. ಸ್ವೀಡನ್ನಿನ ರಾಜ ಗುಸ್ತಾವ್ ವಾಸಾ ಈ ಊರನ್ನು ಡೆನ್ಮಾರ್ಕಿನವರ ಕೈಯಿಂದ ಬಿಡಿಸಿಕೊಂಡು ಆಗ ಸರಿಯಾಗಿ 400 ವರ್ಷ. ಸುಮಾರು 80 ಲಕ್ಷ ಕೆಂಪು ಇಟ್ಟಿಗೆ ಹಿಡಿದಿದೆ. ಮೆಲಾರೆನ್ ಸರೋವರದ ನೀರು ಕಟ್ಟಡದ ಬುಡಕ್ಕೇ ಬರುತ್ತದೆ.

ಒಳಗೆ ಮೊದಲು ಸಿಗುವುದು ಬ್ಲೂ ಹಾಲ್. ಅಲ್ಲಿ ನೀಲಿ ಬಣ್ಣ ಹುಡುಕಬೇಡಿ, ಗೋಡೆಯೆಲ್ಲ ಇಟ್ಟಿಗೆಯ ಕೆಂಪು. ಆರ್ಕಿಟೆಕ್ಟ್ ರಾಗ್ನಾರ್ ಓಸ್ಟ್‌ಬರ್ಗ್ ನೀಲಿ ಮಾಡಬೇಕು ಅಂತಲೇ ಇದ್ದರು. ಗೋಡೆ ಎದ್ದ ಮೇಲೆ ಆ ಕೆಂಪು ನೋಡಿ, ಮುಚ್ಚಲು ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಹೆಸರು ಎಲ್ಲರ ಬಾಯಲ್ಲಿ ಕೂತುಬಿಟ್ಟಿತ್ತು. ಗೈಡ್ ಮಾತಾಡುತ್ತಿರುವಾಗ ನೀವು ಸ್ವಲ್ಪ ಗೋಡೆ ಹತ್ತಿರ ಹೋಗಿ ನಿಲ್ಲಿ. ಇಟ್ಟಿಗೆ ನುಣುಪಾಗಿಲ್ಲ. ಕಟ್ಟಿದ ಮೇಲೆ ಕೆಲಸಗಾರರು ಕೈಯಲ್ಲೇ ಕುಟ್ಟಿ ಕುಟ್ಟಿ ಒರಟು ಮಾಡಿದ್ದಾರೆ. ಮೇಲಿನ ಕಿಟಕಿಗಳಿಂದ ಬೆಳಕು ಓರೆಯಾಗಿ ಬಿದ್ದಾಗ ಆ ಒಂದೊಂದು ಏಟಿನ ಗುರುತೂ ಕಾಣುತ್ತದೆ. ಇಡೀ ಕಟ್ಟಡದಲ್ಲಿ ನನಗೆ ಜಾಸ್ತಿ ಇಷ್ಟವಾದ ಜಾಗ ಆ ಗೋಡೆ.

ಡಿಸೆಂಬರ್ 10ರಂದು ನೊಬೆಲ್ ಔತಣ ನಡೆಯುವುದು ಇದೇ ಹಾಲ್‌ನಲ್ಲಿ, ಸುಮಾರು 1,300 ಜನರಿಗೆ. ಅಗಲವಾದ ಮೆಟ್ಟಿಲುಗಳಿವೆಯಲ್ಲ, ರಾಜಮನೆತನದವರೂ ನೊಬೆಲ್ ಪಡೆದವರೂ ಅದನ್ನೇ ಇಳಿದು ಬರುತ್ತಾರೆ. ಉದ್ದ ಗೌನ್ ಹಾಕಿದವರು ಎಡವಬಾರದು ಅಂತ ಮೆಟ್ಟಿಲುಗಳನ್ನು ತಗ್ಗಾಗಿ ಮಾಡಿದ್ದಾರೆ. ಓಸ್ಟ್‌ಬರ್ಗ್ ತಮ್ಮ ಹೆಂಡತಿಯನ್ನೇ ಹತ್ತಿಸಿ ಇಳಿಸಿ ಅಳತೆ ಗೊತ್ತು ಮಾಡಿದರು ಅಂತ ಗೈಡ್‌ಗಳು ಹೇಳುತ್ತಾರೆ. ನಿಮ್ಮ ಅಮ್ಮನಿಗೂ ಆ ಮೆಟ್ಟಿಲು ಕಷ್ಟ ಆಗಲ್ಲ.

ಮೇಲೆ ಹೋದರೆ ಕೌನ್ಸಿಲ್ ಸಭಾಂಗಣ. 101 ಸದಸ್ಯರು ಕೂರುತ್ತಾರೆ. ತಲೆ ಎತ್ತಿ ನೋಡಿ, ಮರದ ಚಾವಣಿ ದೋಣಿಯನ್ನು ಮಗುಚಿ ಹಾಕಿದ ಹಾಗಿದೆ. ತೊಲೆಗಳ ನಡುವೆ ಆಕಾಶ ಕಾಣುವಂತೆ ಬಣ್ಣ ಬಳಿದಿದ್ದಾರೆ. ಸಭೆಗಳು ಸೋಮವಾರ ನಡೆಯುತ್ತವೆ, ಯಾರು ಬೇಕಾದರೂ ಗ್ಯಾಲರಿಯಲ್ಲಿ ಕೂತು ಕೇಳಬಹುದು.

ಆಮೇಲೆ ಗೋಲ್ಡನ್ ಹಾಲ್. ಎಲ್ಲರ ಫೋಟೋಗಳಲ್ಲಿ ಬರುವುದು ಇದೇ. ಗಾಜು, ಬಂಗಾರದ 1 ಕೋಟಿ 80 ಲಕ್ಷಕ್ಕೂ ಹೆಚ್ಚು ಚೂರು ಜೋಡಿಸಿದ ಗೋಡೆ. ಬಂಗಾರದ ತೆಳು ಹಾಳೆಯನ್ನು ಎರಡು ಪದರ ಗಾಜಿನ ನಡುವೆ ಇಟ್ಟು ಮಾಡಿದ ಚೂರುಗಳು ಅವು. ಚಿತ್ರ ಬರೆದ ಐನಾರ್ ಫೋರ್ಸೆತ್‌ಗೆ ಆಗಿನ್ನೂ ಮೂವತ್ತರ ಆಸುಪಾಸು. ಎದುರಿನ ದೊಡ್ಡ ಗೋಡೆಯಲ್ಲಿ ಮೆಲಾರೆನ್ ರಾಣಿ ಸ್ಟಾಕ್‌ಹೋಮನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಾಳೆ. ಒಂದು ಕಡೆ ಐಫೆಲ್ ಟವರ್ ಇರುವ ಪಶ್ಚಿಮ, ಇನ್ನೊಂದು ಕಡೆ ಪೂರ್ವ. ಹಿಂದೆ ತಿರುಗಿದರೆ ಎತ್ತರದಲ್ಲಿ ಕುದುರೆ ಮೇಲಿರುವ, ಈ ಊರಿನ ಪೋಷಕ ಸಂತ ಎರಿಕ್‌ಗೆ ತಲೆಯೇ ಇಲ್ಲ! ಅಳತೆ ತಪ್ಪಿ ಚಿತ್ರ ಚಾವಣಿಗೆ ತಾಗಿಬಿಟ್ಟಿದೆ. ಅದನ್ನು ಹಾಗೇ ಬಿಟ್ಟಿದ್ದಾರೆ.

ನಿಮ್ಮ ಅಪ್ಪನಿಗೆ ಇದನ್ನು ತಪ್ಪದೆ ಹೇಳಿ. ನೊಬೆಲ್ ಔತಣ ಈ ಕಟ್ಟಡಕ್ಕೆ ಮೊದಲು ಬಂದದ್ದು 1930ರಲ್ಲಿ, ಅದೂ ಈ ಗೋಲ್ಡನ್ ಹಾಲ್‌ಗೆ. ಆ ವರ್ಷ ಭೌತಶಾಸ್ತ್ರದ ಬಹುಮಾನ ಪಡೆದವರು ಸಿ.ವಿ. ರಾಮನ್. ಮೂರೇ ವರ್ಷಕ್ಕೆ ಅವರು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದ್ರೆ ಭಾರತೀಯ ವಿಜ್ಞಾನ ಸಂಸ್ಥೆಗೆ (IISc) ಬಂದರು, ಕೊನೆಯವರೆಗೂ ನಮ್ಮೂರಲ್ಲೇ ಇದ್ದರು. ಇದು ಗೊತ್ತಿದ್ದು ಆ ಹಾಲ್‌ನಲ್ಲಿ ನಿಂತರೆ ಬಂಗಾರಕ್ಕಿಂತ ಅದೇ ಜಾಸ್ತಿ ತಟ್ಟುತ್ತದೆ, ನನಗಂತೂ ಹಾಗೇ.

ಇನ್ನು ಕೆಲವು ವಿಷಯ. ಒಳಗೆ ಸುಮ್ನೆ ಓಡಾಡಲು ಬಿಡುವುದಿಲ್ಲ, ಗೈಡ್ ಜೊತೆಗೇ ಹೋಗಬೇಕು. ಮುಕ್ಕಾಲು ಗಂಟೆ ಹಿಡಿಯುತ್ತದೆ. ಏನಾದರೂ ಕಾರ್ಯಕ್ರಮ ಇದ್ದರೆ ಟೂರ್ ರದ್ದಾಗುತ್ತದೆ, ಹೊರಡುವ ಮೊದಲು ಅವರ ವೆಬ್‌ಸೈಟ್ ನೋಡಿ. 106 ಮೀಟರ್ ಎತ್ತರದ ಗೋಪುರಕ್ಕೆ ಬೇರೆ ಟಿಕೆಟ್. ಬೇಸಿಗೆಯಲ್ಲಿ ಮಾತ್ರ ತೆರೆಯುವುದರಿಂದ ಜೂನ್‌ನಲ್ಲಿ ನಿಮಗೆ ಸಿಗುತ್ತದೆ. ಒಟ್ಟು 365 ಮೆಟ್ಟಿಲು. ಲಿಫ್ಟ್ ಅರ್ಧ ದಾರಿಗಷ್ಟೇ. ಮಂಡಿ ನೋವಿದ್ದರೆ ಅಪ್ಪ ಅಮ್ಮನಿಗೆ ಬೇಡ. ನೀವು ಹತ್ತಿ ಬರುವಷ್ಟು ಹೊತ್ತು ಅವರು ನೀರಿನ ಪಕ್ಕದ ತೋಟದಲ್ಲಿ ಕೂತಿರಲಿ, ಅಲ್ಲಿಗೆ ಟಿಕೆಟ್ ಬೇಕಿಲ್ಲ. ಸೆಂಟ್ರಲ್ ಸ್ಟೇಷನ್‌ನಿಂದ ನಡೆದೇ ಬರಬಹುದು, ಟ್ಯಾಕ್ಸಿಗೆ ದುಡ್ಡು ಹಾಕಬೇಡಿ.