ನಾವು ಹೋದ ಮೇಲೆ ಮಗನಿಗೆ ಯಾರು?

ದೊಡ್ಡವರಾದ ಆಟಿಸಂ ಮಕ್ಕಳ ಬಗ್ಗೆ ಬರುವ ಪತ್ರಗಳಲ್ಲಿ ಎರಡೇ ಪ್ರಶ್ನೆ ತಿರುಗಿ ತಿರುಗಿ ಬರುತ್ತವೆ. ಇದು ಯಾವಾಗ ಗುಣ ಆಗುತ್ತದೆ ಅನ್ನುವುದು ಒಂದು. ನಮ್ಮ ನಂತರ ಏನು ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ, ಇದು ರೋಗವಲ್ಲ, ಮಿದುಳು ಬೆಳೆಯುವ ರೀತಿಯೇ ಬೇರೆ, ಗುಣ ಆಗುವಂಥದ್ದಲ್ಲ ಅಂತ ಹೇಳಿ ಹೇಳಿ ಸಾಕಾಗಿದೆ. ಇವತ್ತು ಎರಡನೆಯದಕ್ಕೆ ಕೂತು ಬರೆಯುತ್ತೇನೆ.

ಪ್ರಶ್ನೆ: ಮಗನಿಗೆ 27 ವರ್ಷ. ಆಟಿಸಂ ಇದೆ, ಮಾತು ಕಡಿಮೆ. ನನಗೆ 58. ಯಜಮಾನರಿಗೆ ಶುಗರ್. ಮಗಳು ಬೆಂಗಳೂರಿನಲ್ಲಿದ್ದಾಳೆ. ನಮ್ಮ ನಂತರ ಅವನನ್ನು ನೋಡಿಕೊಳ್ಳುವ ಒಳ್ಳೆಯ ಹಾಸ್ಟೆಲ್ ಇದ್ದರೆ ಹೇಳಿ ಮೇಡಂ. — ಒಬ್ಬ ತಾಯಿ, ಕುಮಟಾ

ಅಮ್ಮ, ಹಾಸ್ಟೆಲ್ ಹೆಸರು ನಾನು ಕೊಡುವುದಿಲ್ಲ. 27 ವರ್ಷ ನಿಮ್ಮ ಕೈಯೂಟ ಉಂಡ ಹುಡುಗ. ಒಂದು ದಿನ ಇದ್ದಕ್ಕಿದ್ದಂತೆ ಗೊತ್ತಿಲ್ಲದ ಕಟ್ಟಡಕ್ಕೆ ಬಿಟ್ಟರೆ ಅಮ್ಮ, ಜಗಲಿ, ತಟ್ಟೆ, ಮಲಗುವ ಮೂಲೆ ಎಲ್ಲವನ್ನೂ ಒಟ್ಟಿಗೇ ಕಳೆದುಕೊಳ್ಳುತ್ತಾನೆ. ನಿಮ್ಮ ಪತ್ರ ಎರಡು ಸಲ ಓದಿದೆ. ಅದರಲ್ಲಿ ಅಕ್ಕಪಕ್ಕದವರ ಸುದ್ದಿಯೇ ಇಲ್ಲ. ನನಗೆ ಚಿಂತೆ ಆಗಿದ್ದು ಅದಕ್ಕೆ.

ಸಿರ್ಸಿ ಹತ್ತಿರದ ಒಂದು ಮನೆಯಲ್ಲಿ ಕಂಡಿದ್ದು ಹೇಳುತ್ತೇನೆ. ಅಲ್ಲಿನ ಹುಡುಗನಿಗೆ ಮೂವತ್ತು ದಾಟಿದೆ, ಮಾತಿಲ್ಲ. ಅಡಿಕೆ ಸುಲಿಯುವ ಕಾಲದಲ್ಲಿ ಪಕ್ಕದ ಮನೆಯ ಅಂಗಳಕ್ಕೆ ಹೋಗಿ ಆರಿಸಲು ಕೂರುತ್ತಾನೆ. ಚಾಲಿ ಒಂದು ಕಡೆ, ಬಿಳೆಗೋಟು ಒಂದು ಕಡೆ, ಕೋಕಾ ಒಂದು ಕಡೆ. ಕೈ ತಪ್ಪುವುದೇ ಇಲ್ಲ. ಆ ಮನೆಯ ಅಜ್ಜಿ ಅವನನ್ನು ಮಾತಾಡಿಸಲು ಹೋಗುವುದಿಲ್ಲ. ಹನ್ನೊಂದಕ್ಕೆ ಅವನದೇ ಸ್ಟೀಲ್ ಲೋಟದಲ್ಲಿ ಕಷಾಯ ತಂದು ಎಡಗಡೆ ಇಡುತ್ತಾರೆ. ಬಲಗಡೆ ಇಟ್ಟರೆ ಮುಟ್ಟಲ್ಲ ಅಂತ ಅವರೇ ಕಂಡುಕೊಂಡರು. ಮೊದಲ ವಾರ ಹತ್ತು ನಿಮಿಷ ಕೂತಿದ್ದ, ಈಗ ಎರಡು ತಾಸು ಕೂರುತ್ತಾನೆ. ಅಷ್ಟು ಹೊತ್ತು ಅವನ ತಾಯಿ ಪೇಟೆಗೆ ಹೋಗಿ ಬರುತ್ತಾರೆ. ಅವನಿಗೆ ಕೂಲಿಯನ್ನೂ ಕೊಡುತ್ತಾರೆ. ಪಾಪ ಅಂತ ಅಲ್ಲ, ಕೆಲಸಕ್ಕೆ.

ನಿಮ್ಮಲ್ಲೂ ಇಲ್ಲಿಂದಲೇ ಶುರು ಮಾಡಿ. ನಂಬಿಕೆಯ ಮೂರು ಜನ ಸಾಕು. ವಾರಕ್ಕೆ ಒಂದು ದಿನ, ಒಂದು ತಾಸು, ಅದೇ ಹೊತ್ತಿಗೆ ಅವನ ಹತ್ತಿರ ಇರಲಿ. ನೀವು ಮನೆಯಿಂದ ಹೊರಗೆ ಹೋಗಲೇಬೇಕು, ಅಡುಗೆ ಮನೆಯಲ್ಲಿ ಅಡಗಿ ಕೂರುವುದಲ್ಲ. ಸಿರ್ಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಇಂಥ ಎಷ್ಟು ತಾಯಂದಿರು ಮಗ ಹುಟ್ಟಿದ ಮೇಲೆ ಒಂದು ಸಲವೂ ಹೋಗಿಲ್ಲ, ಗೊತ್ತಾ? ಅದನ್ನು ತ್ಯಾಗ ಅಂತ ಹೊಗಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಗಳುವ ಬದಲು ಒಂದು ತಾಸು ಅವನ ಜೊತೆ ಕೂರಲಿ.

ಇನ್ನು ಒಂದು ನೂರು ಪುಟದ ನೋಟ್‌ಬುಕ್ ತನ್ನಿ. ನಿಮ್ಮ ತಲೆಯಲ್ಲಿ ಮಾತ್ರ ಇರುವುದನ್ನೆಲ್ಲ ಅದರಲ್ಲಿ ಬರೆಯಿರಿ. ಗಂಜಿಗೆ ಸಾರು ತಾಗಿದರೆ ಉಣ್ಣಲ್ಲ. ಮಿಕ್ಸರ್ ಹಾಕುವ ಮೊದಲು ಹೇಳಬೇಕು. ಗುಡುಗಿದರೆ ಮಂಚದ ಕೆಳಗೆ ಹೋಗುತ್ತಾನೆ, ಎಳೆಯಬಾರದು. ಹಲ್ಲು ನೋವಾದರೆ ಬಾಯಿ ಬಿಟ್ಟು ಹೇಳಲ್ಲ, ಕಿವಿಗೆ ಹೊಡೆದುಕೊಳ್ಳುತ್ತಾನೆ. ಇಂಥವು. ಇದ್ದಕ್ಕಿದ್ದಂತೆ ಹೊಡೆದುಕೊಳ್ಳಲು ಶುರು ಮಾಡಿದವರನ್ನು ನಿದ್ದೆ ಮಾತ್ರೆ ಕೊಟ್ಟು ಮಲಗಿಸುವುದನ್ನು ಬಹಳ ನೋಡಿದ್ದೇನೆ. ಮೊದಲು ಹಲ್ಲು, ಕಿವಿ, ಮಲಬದ್ಧತೆ ನೋಡಿಸಿ.

ಕಾನೂನಿನ ವಿಷಯ. 18 ತುಂಬಿದ ಮೇಲೆ ಅಪ್ಪ-ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ (ಗಾರ್ಡಿಯನ್) ಉಳಿಯುವುದಿಲ್ಲ. ಆಟಿಸಂನಂಥ ಅಂಗವೈಕಲ್ಯ ಇರುವವರಿಗಾಗಿ ಇರುವ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಪೋಷಕರನ್ನು ನೇಮಿಸುವುದು ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿ. ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಅಂದರೆ ನಿಮಗೆ ಕಾರವಾರ. ಆದರೆ ಆಟಿಸಂ ಇರುವ ಎಲ್ಲರಿಗೂ ಇಂಥ ಕಾನೂನಿನ ಪೋಷಕರು ಬೇಕಿಲ್ಲ. ತನ್ನ ದುಡ್ಡು, ಮನೆ ತಾನೇ ನೋಡಿಕೊಳ್ಳಬಲ್ಲವನ ಹಕ್ಕನ್ನು ಸುಮ್ನೆ ಕಿತ್ತುಕೊಳ್ಳಬೇಡಿ.

ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲದಿದ್ದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ. ಮಾಸಾಶನದ ದಾರಿ ತೋರಿಸುವುದೂ ಅವರ ಕೆಲಸ. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ ಮಾಡಿಸಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಮೊದಲೇ ವೈದ್ಯಕೀಯ ಪರೀಕ್ಷೆ ಕೇಳುವುದಿಲ್ಲ. ಯಜಮಾನರು ಸರ್ಕಾರಿ ನೌಕರಿಯಲ್ಲಿದ್ದರೆ ಮಗನ ಹೆಸರನ್ನು ಕುಟುಂಬ ಪಿಂಚಣಿಯ ದಾಖಲೆಗೆ ಈಗಲೇ ಸೇರಿಸಿ. ಅವರು ಹೋದ ಮೇಲೆ ಓಡಾಡುವುದು ಬಹಳ ಕಷ್ಟ. ಜಾಗದ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತಿಯೇ ಹೆದರುತ್ತೇನೆ. "ತಮ್ಮನನ್ನು ಅಣ್ಣ ನೋಡಿಕೊಳ್ಳುತ್ತಾನೆ" ಅಂತ ಬಾಯಿ ಮಾತಿನ ಮೇಲೆ ಎಲ್ಲವನ್ನೂ ಅಣ್ಣನ ಹೆಸರಿಗೆ ಮಾಡಿ ಕಣ್ಣೀರು ಹಾಕಿದವರಿದ್ದಾರೆ. ವಕೀಲರ ಹತ್ತಿರ ಕೂತು ಉಯಿಲು ಬರೆಸಿ. ಮಗಳನ್ನೂ ಕರೆಯಿರಿ. ಎಷ್ಟು ಮಾಡಬಲ್ಲೆ, ಎಷ್ಟು ಆಗಲ್ಲ ಅಂತ ಅವಳೇ ಹೇಳಲಿ. "ಆಗಲ್ಲ" ಅಂದರೆ ಬೈಯಬೇಡಿ.

ಇಷ್ಟಾದ ಮೇಲೂ ವಸತಿ ಬೇಕು ಅನ್ನಿಸಿದರೆ ನೋಡಿ. ಆದರೆ ಹೇಳದೆ ಕೇಳದೆ ಊಟದ ಹೊತ್ತಿಗೆ ಹೋಗಿ ನೋಡಿ. ಮೊದಲು ಎರಡು ರಾತ್ರಿ ಬಿಟ್ಟು ಕರೆದುಕೊಂಡು ಬನ್ನಿ, ಆಮೇಲೆ ಒಂದು ವಾರ. ಒಳಗೆ ಬರಲು ಬಿಡದ ಜಾಗಕ್ಕೆ ಮಗನನ್ನು ಕೊಡಬೇಡಿ.

ರಾತ್ರಿ ನಿದ್ದೆ ಬರದೆ ಸಾಕಪ್ಪ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ಮದುವೆ ಮಾಡಿದರೆ ಸರಿಹೋಗುತ್ತಾನಾ? — ಅಂಕೋಲಾ

ಇಲ್ಲ. ಇನ್ನೊಬ್ಬರ ಮನೆಯ ಮಗಳು ಔಷಧಿಯಲ್ಲ.

ಪ್ರಶ್ನೆ: ಸ್ಟೆಮ್ ಸೆಲ್ ಚಿಕಿತ್ಸೆಗೆ ಲಕ್ಷಗಟ್ಟಲೆ ಕೇಳುತ್ತಿದ್ದಾರೆ. ತೋಟ ಅಡ ಇಡಬಹುದಾ? — ಯಲ್ಲಾಪುರ

ಇಡಬೇಡಿ. ಅದರಿಂದ ಆಟಿಸಂ ಹೋಗುತ್ತದೆ ಅನ್ನಲು ಆಧಾರವಿಲ್ಲ. 2017ರ ರಾಷ್ಟ್ರೀಯ ಮಾರ್ಗಸೂಚಿ ಪ್ರಕಾರ ಇಂಥದ್ದು ಪ್ರಯೋಗದಲ್ಲಿ ಮಾತ್ರ ನಡೆಯಬೇಕು, ಪ್ರಯೋಗಕ್ಕೆ ರೋಗಿಯಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಬೇರು ಕಟ್ಟುವವರಿಗೂ, ನಾಲಿಗೆಗೆ ಬರೆ ಹಾಕುವವರಿಗೂ ನನ್ನದು ಇದೇ ಮಾತು: ಮಗುವಿನ ಮೈ ಮುಟ್ಟಬೇಡಿ.

ಪ್ರಶ್ನೆ: ನನಗೆ 34. ಆಟಿಸಂ ಅಂತ ಹೋದ ವರ್ಷ ಗೊತ್ತಾಯಿತು. ಆಫೀಸಿನಲ್ಲಿ ಹೇಳಬೇಕಾ? — ಕಾರವಾರ

ಹೇಳಲೇಬೇಕು ಅಂತಿಲ್ಲ. ಹೇಳುವುದಾದರೆ ಬರೀ ಹೆಸರು ಹೇಳಿ ಸುಮ್ಮನಾಗಬೇಡಿ, ಬೇಕಾದ್ದನ್ನು ಬರೆದು ಕೊಡಿ: ಮಿಣುಕುವ ಟ್ಯೂಬ್‌ಲೈಟ್ ಬದಲಿಸಿ, ಕೆಲಸವನ್ನು ಬಾಯಲ್ಲಿ ಹೇಳದೆ ಮೆಸೇಜ್‌ನಲ್ಲಿ ಕಳಿಸಿ, ಜಾಗ ಬದಲಿಸುವ ಮೊದಲು ತಿಳಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಕೂಡ ಇದೆ. ಕುಮಟಾದ ಆ ತಾಯಿಯಂಥವರು ನಿಮ್ಮನ್ನು ಕೇಳಬೇಕಾದ್ದು ಬಹಳ ಇದೆ. ಮಗ ಬಾಯಲ್ಲಿ ಹೇಳಲಾಗದ್ದನ್ನು ನೀವು ಹೇಳಬಲ್ಲಿರಿ. ಮನಸ್ಸಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅವರಿಗೆ ತಲುಪಿಸುತ್ತೇನೆ.