ಬಳ್ಳಾರಿಯಲ್ಲಿ ತಾತ ನಡೆಸುತ್ತಿದ್ದ ಸ್ಟುಡಿಯೋದ ಹಳೇ ನೆಗೆಟಿವ್‌ಗಳು ಹುಳಿ ವಾಸನೆ ಬರುತ್ತಿವೆ, ಏಕೆ?

ಅದು ವಿನೆಗರ್‌ನದೇ ವಾಸನೆ. ಈ ಫಿಲ್ಮ್ ಸೆಲ್ಯುಲೋಸ್ ಅಸಿಟೇಟ್‌ನದು: ಹತ್ತಿ ಅಥವಾ ಮರದ ನಾರಿಗೆ ಅಸಿಟಿಕ್ ಅಂಶ ಜೋಡಿಸಿ ಮಾಡಿದ ಪ್ಲಾಸ್ಟಿಕ್. ಗಾಳಿಯ ತೇವ ಆ ಜೋಡಣೆಯನ್ನು ಬಿಡಿಸಿದಾಗ ಅಸಿಟಿಕ್ ಆಮ್ಲ, ಅಂದರೆ ವಿನೆಗರ್‌ನ ಹುಳಿ, ಹೊರಬರುತ್ತದೆ. ಡಬ್ಬಿಯಲ್ಲಿ ಸಿಕ್ಕಿಕೊಂಡ ಆ ಆಮ್ಲವೇ ಉಳಿದ ಜೋಡಣೆಗಳನ್ನೂ ಬಿಡಿಸುತ್ತದೆ. ಹಾಗಾಗಿ ಒಮ್ಮೆ ಶುರುವಾದರೆ ವೇಗ ಏರುತ್ತಲೇ ಹೋಗಿ, ಫಿಲ್ಮ್ ಕುಗ್ಗಿ ಸುಕ್ಕಾಗುತ್ತದೆ. ನಮ್ಮ ಬಳ್ಳಾರಿ ಬೇಸಿಗೆಯಂತೂ ಇದಕ್ಕೆ ಇನ್ನಷ್ಟು ಕುಮ್ಮಕ್ಕು.

ಕೆಟ್ಟದ್ದನ್ನು ಸರಿಮಾಡಲಾಗದು, ತಡ ಮಾಡದೆ ಸ್ಕ್ಯಾನ್ ಮಾಡಿಸಿ. ಟಿನ್ ಡಬ್ಬಿಯಿಂದ ತೆಗೆದು, ಕಾಗದದ ಕವರಿನಲ್ಲಿ ಹಾಕಿ, ತಂಪಾದ ಒಣ ಜಾಗದಲ್ಲಿ, ಚೆನ್ನಾಗಿರುವ ನೆಗೆಟಿವ್‌ಗಳಿಂದ ದೂರ ಇಡಿ.

1950ರ ದಶಕಕ್ಕಿಂತ ಹಳೆಯವು ಸೆಲ್ಯುಲೋಸ್ ನೈಟ್ರೇಟ್ ಆಗಿರಬಹುದು. ಅದು ಥಟ್ಟನೆ ಹೊತ್ತಿಕೊಳ್ಳುತ್ತದೆ, ನೀರು ಹಾಕಿದರೂ ಸುಲಭಕ್ಕೆ ಆರದು. ಅಂಥವನ್ನು ಬೇರೆಯೇ ಇಟ್ಟು, ಬೆಂಕಿಯ ಹತ್ತಿರ ಒಯ್ಯಲೇಬೇಡಿ.