ಪೈಥಾನ್‌ನಿಂದ ಸಿ ಫಂಕ್ಷನ್ ಕರೆಯುವಾಗ ಲಿಬ್‌ಎಫ್‌ಎಫ್‌ಐ ಏನು ಮಾಡುತ್ತದೆ?

ರಾಯಚೂರು ಹತ್ತಿ ಮಾರ್ಕೆಟ್‌ನ ತೂಕದ ಯಂತ್ರದ ಸಿ ಲೈಬ್ರರಿಯನ್ನು ಪೈಥಾನ್‌ನಿಂದ ಕರೆಯೋದು ಹೇಗೆ ಅಂತ ಕೇಳಿದ್ದೀರಿ. ಪೈಥಾನ್ ಜೊತೆಗೇ ಬರುವ ಸಿಟೈಪ್ಸ್ (ctypes) ಮಾಡ್ಯೂಲ್ ಸಾಕು. ಅದರೊಳಗೆ ದುಡಿಯುವುದು ಲಿಬ್‌ಎಫ್‌ಎಫ್‌ಐ (libffi), ಅಂದರೆ ಒಂದು ಭಾಷೆಯಿಂದ ಇನ್ನೊಂದರ ಫಂಕ್ಷನ್ ಕರೆಯಲು ನೆರವಾಗುವ ಲೈಬ್ರರಿ.

ಫಂಕ್ಷನ್‌ಗೆ ಕೊಡುವ ಮೌಲ್ಯಗಳನ್ನು ಎಲ್ಲಿಡಬೇಕು ಅನ್ನೋದು ಸಿ ಕಂಪೈಲರ್‌ಗೆ ಮೊದಲೇ ಗೊತ್ತು. ಪೈಥಾನ್‌ಗೆ ಪ್ರೋಗ್ರಾಂ ಓಡುವಾಗಲೇ ಗೊತ್ತಾಗಬೇಕು. ನಿಯಮವೂ ಎಲ್ಲ ಕಡೆ ಒಂದೇ ಅಲ್ಲ: 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಮೊದಲ 6 ಪೂರ್ಣಾಂಕಗಳು ರಿಜಿಸ್ಟರ್‌ಗೆ (ಪ್ರೊಸೆಸರ್‌ನೊಳಗಿನ ಪುಟ್ಟ ಜಾಗ) ಹೋಗುತ್ತವೆ, ವಿಂಡೋಸ್‌ನಲ್ಲಿ 4 ಮಾತ್ರ. ಈ ತಲೆನೋವನ್ನೆಲ್ಲ ಲಿಬ್‌ಎಫ್‌ಎಫ್‌ಐ ನೋಡಿಕೊಳ್ಳುತ್ತದೆ.

ಆದರೆ ಟೈಪ್, ಅಂದರೆ ಮೌಲ್ಯ ಯಾವ ಬಗೆಯದು ಅನ್ನೋದನ್ನು, ನೀವೇ ಹೇಳಬೇಕು. ತೂಕ ಡಬಲ್ (ದಶಮಾಂಶ ಸಂಖ್ಯೆಯ ಸಿ ಟೈಪ್) ಆಗಿ ಬರುತ್ತಿದ್ದರೆ, ಫಂಕ್ಷನ್‌ನ ರೆಸ್‌ಟೈಪ್‌ಗೆ (restype, ವಾಪಸ್ ಬರುವ ಮೌಲ್ಯದ ಟೈಪ್) ಸಿ_ಡಬಲ್ (c_double) ಅಂತ ಖಂಡಿತ ಕೊಡಿ. ಬಿಟ್ಟರೆ ಸಿಟೈಪ್ಸ್ ಅದನ್ನು ಇಂಟ್ (ಪೂರ್ಣಾಂಕ) ಅಂತಲೇ ಓದುತ್ತದೆ. ಎರರ್ ಬರೋದಿಲ್ಲ, ತೂಕವೇ ತಪ್ಪಾಗುತ್ತದೆ. ರೈತರ ದುಡ್ಡಿನ ವಿಷಯ, ಗೊತ್ತಿರುವ ತೂಕ ಇಟ್ಟು ಮೊದಲು ಪರೀಕ್ಷಿಸಿ.